ಭಾವಮೈದುನನ ಜೀಪಿನ ಅಡಿಭಾಗ

ಸಹ್ಯಾದ್ರಿಯ ಬಂಡೆಗಳನ್ನೆಲ್ಲ ಹತ್ತಿ ಇಳಿದಿದ್ದ ಜೀಪು ಐರೋಲಿಯ ಸೊಸೈಟಿ ಅಂಗಳದಲ್ಲಿ ಒಂದು ಬೂದುಗುಂಬಳಕಾಯಿಗೆ ಸೋತಿತು.

ಆಯುಧಪೂಜೆಯ ಬೆಳಿಗ್ಗೆ. ಜೀಪಿನ ಮೂತಿಗೆ ಚೆಂಡುಹೂವಿನ ಹಾರ, ಗಾಜಿಗೆ ಕುಂಕುಮ, ನಾಲ್ಕು ಚಕ್ರಗಳ ಅಡಿಗೂ ಲಿಂಬೆಹಣ್ಣು. ತಾರಾನಾಥ ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಜೀಪಿಗೆ ನಿವಾಳಿಸಿ, ಇನ್ನೇನು ನೆಲಕ್ಕೆ ಕುಕ್ಕಬೇಕು ಎನ್ನುವಷ್ಟರಲ್ಲಿ ಕೆಳಗಿನ ಫ್ಲ್ಯಾಟಿನ ಬಾಗಿಲು ತೆರೆಯಿತು.

"ತಾರಾನಾಥರ, ಇಲ್ಲಿ ಕುಕ್ಕಬ್ಯಾಡ್ರಿ."

ಜಟ್ಟೆಪ್ಪನವರು ವಿಜಯಪುರದ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಸೊಸೈಟಿಯ ಕಮಿಟಿಯಲ್ಲಿ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ಆದ್ದರಿಂದ ಎಲ್ಲ ಹುದ್ದೆಗಳನ್ನೂ ಅವರೇ ನೋಡಿಕೊಳ್ಳುತ್ತಿದ್ದರು.

"ಮತ್ತೆ ಎಲ್ಲಿ ಒಡೆಯುವುದು ಜಟ್ಟೆಪ್ಪನವರೇ? ಕುಂಬಳಕಾಯಿ ಒಡೆಯದೆ ಆಯುಧಪೂಜೆ ಉಂಟಾ?"

"ಒಡೀಬ್ಯಾಡ ಅಂದೆ ಏನ್ರಿ? ಕುಕ್ಕಬ್ಯಾಡ ಅಂದೆ. ಮೊನ್ನೆರ ಅಂಗಳಕ್ಕ ಫರಸಿಕಲ್ಲು ಹಾಕ್ಸೀವಿ. ಬೀಜ, ಲೋಳಿ, ಕುಂಕುಮ ಎಲ್ಲಾ ಸಿಡದು ಹೊಲಸಾಗ್ತದ. ಲಿಂಬಿಹಣ್ಣಿನ ಜೋಡಿ ಅದನ್ನೂ ಗಾಲಿ ಮುಂದ ಇಡ್ರಿ. ಹತ್ತಿಸಿಬಿಡ್ರಿ. ಅಲ್ಲೇ ಪಚಕ್ ಅಂತದ."

ಮಾತಿನಲ್ಲಿ ಒಂದು ನ್ಯಾಯ ಇದ್ದಂತೆ ಕಂಡಿತು. ತಾರಾನಾಥ ಕುಂಬಳಕಾಯಿಯನ್ನು ಮುಂದಿನ ಎಡಗಾಲಿಯ ಮುಂದಿಟ್ಟು, ಒಳಗೆ ಹತ್ತಿ, ದೇವರನ್ನು ನೆನೆದು ಗೇರು ಹಾಕಿದ. ಲಿಂಬೆಹಣ್ಣುಗಳು ಹೇಳಿದ ಹಾಗೆ ಪಚಕ್ ಎಂದವು. ಕುಂಬಳಕಾಯಿ ಮಾತ್ರ ಒಡೆಯಲಿಲ್ಲ. ಗಾಲಿ ತಾಗಿದ್ದೇ ತಡ, ಸಂತೆಯಲ್ಲಿ ಪೊಲೀಸರನ್ನು ಕಂಡ ಜೂಜುಕೋರನಂತೆ ಪಕ್ಕಕ್ಕೆ ಉರುಳಿ ಜೀಪಿನ ಹೊಟ್ಟೆಯಡಿಗೆ ನುಗ್ಗಿತು. ತಾರಾನಾಥ ಇನ್ನೂ ಒತ್ತಿದ. ಕೆಳಗಿನಿಂದ ಟಣ್ ಎಂದು ಒಂದು ಸದ್ದು, ಆಮೇಲೆ ಕಬ್ಬಿಣ ನೆಲ ಕೆರೆಯುವ ಸದ್ದು, ಆಮೇಲೆ ಪಚಕ್.

"ನೋಡಿದ್ರೇನು, ಒಡೀತಿಲ್ಲೋ," ಎಂದರು ಜಟ್ಟೆಪ್ಪ.

ತಾರಾನಾಥ ಇಳಿದು ಮಂಡಿಯೂರಿ ಬಗ್ಗಿ ನೋಡಿದ. ಎದೆ ಧಸಕ್ಕೆಂದಿತು.

ಎದೆ ಧಸಕ್ಕೆನ್ನಲು ಕಾರಣವಿತ್ತು. ಜೀಪು ಅವನದಲ್ಲ, ಹೆಂಡತಿ ಜಯಲತಾಳ ತಮ್ಮ ಪೃಥ್ವಿರಾಜನದು. ಅವರು ಇದ್ದ ಫ್ಲ್ಯಾಟೂ ಪೃಥ್ವಿರಾಜನದೇ. ಅವನು ಸರಕು ಹಡಗಿನಲ್ಲಿ ಇಂಜಿನಿಯರ್. ಊರಿಗೆ ಬಂದಾಗಲೆಲ್ಲ ಜೀಪು ಹತ್ತಿ ಗುಡ್ಡ, ಕೆಸರು, ಹೊಳೆ ಎಂದು ತಿರುಗುವುದೇ ಅವನ ಶೋಕಿ. ಡೊಂಬಿವಲಿಯ ಒಂದು ಕೋಣೆಯ ಬಾಡಿಗೆಮನೆಯಲ್ಲಿದ್ದು, ಠಾಣೆ ನಿಲ್ದಾಣದಲ್ಲಿ ರೈಲು ಬದಲಿಸಿ ರಬಾಳೆಯ ಕಾರ್ಖಾನೆಗೆ ಸ್ಟೋರ್‌ಕೀಪರಾಗಿ ಹೋಗಿಬಂದು, ಲೋಕಲ್‌ನ ಬಾಗಿಲಲ್ಲಿ ನೇತಾಡಿ ಬೆನ್ನು ಬಾಗಿಹೋಗಿದ್ದ ತಾರಾನಾಥನನ್ನು ಅವನೇ ಕರೆದು ಐರೋಲಿಯ ಫ್ಲ್ಯಾಟಿನಲ್ಲಿ ಕೂರಿಸಿದ್ದ. ಬಾಡಿಗೆ ಬೇಡ ಎಂದಿದ್ದ. "ನನ್ನ ಜೀಪು ಒಂದು ನೋಡಿಕೊಳ್ಳಿ ಭಾವ, ಅದೇ ಬಾಡಿಗೆ. ಮೇಲೆ ಹೇಗಿದ್ರೂ ಅಡ್ಡಿಯಿಲ್ಲ. ಅಡಿ ಸರಿ ಇರಬೇಕು."

ಅಡಿ ಎಂದರೆ ಏನೇನು ಎಂಬುದನ್ನು ಪೃಥ್ವಿರಾಜ್ ಮಲಗಿ ತೋರಿಸಿ ಹೇಳಿದ್ದ. ಕಲ್ಲು ತಾಗಿ ಇಂಜಿನ್ ಒಡೆಯದಂತೆ ಬೋಲ್ಟು ಬಿಗಿದು ಕಟ್ಟಿದ ದಪ್ಪ ಕಬ್ಬಿಣದ ತಟ್ಟೆ ಒಂದು. ಅದರ ಮೇಲೆ ಕೆಸರು ಕೂತರೆ ನೀರು ಹಿಡಿದು ತುಕ್ಕು; ಆದ್ದರಿಂದ ಪ್ರತಿ ಮಳೆಯ ನಂತರ ಪೈಪಿನಿಂದ ತೊಳೆಯಬೇಕು. ಹಿಂದೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಅದರ ಕೊನೆಯ ಕೀಲಿಗೆ ಗ್ರೀಸು ತುಂಬಬೇಕು. ಕುಲುಕಾಟ ತಡೆಯುವ ಶಾಕಪ್ಪಿನಿಂದ ಎಣ್ಣೆ ಸೋರುತ್ತದೆಯೇ ನೋಡಬೇಕು. ಮಳೆಗಾಲಕ್ಕೆ ಮೊದಲು ಅಡಿಗೆಲ್ಲ ಕಪ್ಪು ಲೇಪ ಹಚ್ಚಬೇಕು.

ತಾರಾನಾಥ ಮೊದಲ ಮಳೆಗೆ ತೊಳೆದಿದ್ದ. ಎರಡನೆಯ ಮಳೆಯ ದಿನ ಕಾರ್ಖಾನೆಯಲ್ಲಿ ಓವರ್‌ಟೈಮು. ಮೂರನೆಯದಕ್ಕೆ ಸೊಂಟ ಹಿಡಿದುಕೊಂಡಿತ್ತು. ಆಮೇಲೆ ಮಳೆ ನಿಲ್ಲಲೇ ಇಲ್ಲ, ಹಾಗಾಗಿ ಯಾವ ಮಳೆಯ ನಂತರ ತೊಳೆಯುವುದೆಂದೇ ತಿಳಿಯಲಿಲ್ಲ. ಭಾನುವಾರ ಹಡಗಿನಿಂದ ವಿಡಿಯೋ ಕಾಲ್ ಬರುತ್ತಿತ್ತು.

"ಭಾವ, ಅಡಿಗೆ ನೀರು ಹೊಡೆದ್ರಾ?"

"ಹೊಡೆದೆ ಮಾರಾಯ."

"ಗ್ರೀಸ್?"

"ಗ್ರೀಸೂ ಆಯಿತು. ನೀನು ಊಟ ಮಾಡಿದೆಯಾ?"

ಇವತ್ತು ಸಂಜೆ ಪೃಥ್ವಿರಾಜ್ ಬರುವವನಿದ್ದ. ಬೆಳಿಗ್ಗೆ ಹಡಗು ಇಳಿದು, ಮುಲುಂಡಿನಲ್ಲಿ ತಾನು ಮದುವೆಯಾಗಲಿರುವ ಹುಡುಗಿಯ ಮನೆಯಲ್ಲಿ ಊಟ ಮುಗಿಸಿ, ಸಮುದ್ರದ ಹಿನ್ನೀರು ತುಂಬಿದ ಖಾಡಿಯ ಸೇತುವೆ ದಾಟಿ ಇಲ್ಲಿಗೆ. ಬಂದವನು ಅಕ್ಕನ ಮುಖ ನೋಡುವ ಮೊದಲು ಜೀಪಿನ ಅಡಿ ನೋಡುತ್ತಾನೆ ಎಂಬುದು ಇಡೀ ಮನೆಗೆ ಗೊತ್ತಿತ್ತು.

ಆ ಅಡಿ ಈಗ ತಾರಾನಾಥನ ಕಣ್ಣೆದುರು ಇತ್ತು. ತಟ್ಟೆಯ ಮುಂದಿನ ಬೋಲ್ಟುಗಳು ತುಕ್ಕು ತಿಂದು ಬಿಸ್ಕತ್ತಿನಂತೆ ಮುರಿದಿದ್ದವು. ತಟ್ಟೆ ಒಂದು ಕಡೆ ಜೋತುಬಿದ್ದು, ದವಡೆ ಕಳಚಿದವನ ಬಾಯಿಯಂತೆ ತೆರೆದಿತ್ತು. ಬಾಯೊಳಗೆ ಇಡೀ ಮಳೆಗಾಲದ ಕೆಸರು. ಕೆಸರಿನಲ್ಲಿ ಬೆಳಕಿಲ್ಲದೆ ಬಿಳಿಚಿಕೊಂಡ ಒಂದು ಟೊಮೆಟೊ ಸಸಿ.

ಜಟ್ಟೆಪ್ಪನವರೂ ಬಗ್ಗಿ ನೋಡಿದರು. "ತಾರಾನಾಥರ, ಇನ್ನೊಂದು ತಿಂಗಳು ಬಿಟ್ಟಿದ್ರ ಸಾರಿಗೆ ಆಗ್ತಿತ್ತು ನೋಡ್ರಿ."

ತಾರಾನಾಥನ ಕಣ್ಣ ಮುಂದೆ ಡೊಂಬಿವಲಿಯ ಪ್ಲಾಟ್‌ಫಾರ್ಮು ಹಾದುಹೋಯಿತು. ಮಗಳು ಪೂಜಿತಾ ಇದೇ ವರ್ಷ ಐರೋಲಿಯ ಕಾಲೇಜಿಗೆ ಸೇರಿದ್ದಾಳೆ. ಆ ಗರ್ದಿಯಲ್ಲಿ ಅವಳೂ ನೇತಾಡಬೇಕೇ? ಸಂಜೆಯೊಳಗೆ ಈ ಅಡಿಯನ್ನು ಸರಿಮಾಡಲೇಬೇಕು.

ಮೇಲಕ್ಕೆ ಓಡಿದ. "ಜಯಾ, ಜೀಪಿನ ಟೂಲ್‌ಬಾಕ್ಸ್ ಎಲ್ಲಿ?"

"ಅಲ್ಲಿ," ಎಂದಳು ಜಯಲತಾ, ದೇವರ ಮೂಲೆ ತೋರಿಸಿ.

ಮಣೆಯ ಮೇಲೆ ಸ್ಪ್ಯಾನರು, ಜ್ಯಾಕು, ಸುತ್ತಿಗೆ, ತೆಂಗಿನಕಾಯಿ ತುರಿಯುವ ಮಣೆ, ಕತ್ತಿ, ಕತ್ತರಿ, ಹೊಲಿಗೆ ಯಂತ್ರ ಎಲ್ಲವೂ ಗಂಧ ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿದು, ಮದುವೆಯ ಫೋಟೋಕ್ಕೆ ಕೂತ ಸಂಬಂಧಿಕರಂತೆ ಸಾಲಾಗಿ ಕೂತಿದ್ದವು.

"ಒಂದು ಸ್ಪ್ಯಾನರ್ ಕೊಡು. ಅರ್ಧ ಗಂಟೆ. ತಂದು ಅಲ್ಲೇ ಇಡ್ತೇನೆ."

"ಮುಟ್ಟಬೇಡಿ. ಪೂಜೆಗೆ ಇಟ್ಟದ್ದನ್ನು ನಾಳೆ ಬೆಳಿಗ್ಗೆವರೆಗೆ ಕದಲಿಸಬಾರದು. ನಾನು ಚೂರಿ ಸಹ ಮುಟ್ಟಲಿಲ್ಲ. ನೋಡಿ, ಪಲ್ಯಕ್ಕೆ ಅಲಸಂಡೆ ಕೈಯಲ್ಲೇ ಮುರೀತಾ ಇದ್ದೇನೆ. ನಿಮ್ಮದು ಎಂತ ಅವಸರ?"

ತಾರಾನಾಥ ಅವಸರ ಎಂತದೆಂದು ಹೇಳಿದ. ಅಲಸಂಡೆ ಮುರಿಯುವ ಕೈ ನಿಂತಿತು.

"ಗ್ರೀಸ್ ಹಾಕಿದೆ ಅಂತ ವಾರ ವಾರ ಹೇಳಿದ್ರಲ್ಲ?"

"ಹೇಳಿದೆ."

"ಹಾಕಲಿಲ್ಲವಾ?"

"ಹೇಳಿದೆ ಅಂತ ಹೇಳಿದೆನಲ್ಲ."

ಜಯಲತಾ ಅಲಸಂಡೆಯನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಮುರಿದಳು. "ದೇಜಪ್ಪಣ್ಣನ ಹತ್ರ ಹೋಗಿ. ನಮ್ಮವರು. ನಿಮಗಲ್ಲದಿದ್ರೂ ನನ್ನ ಮುಖ ನೋಡಿ ಮಾಡಿ ಕೊಡ್ತಾರೆ."

ದೇಜಪ್ಪನ ಗ್ಯಾರೇಜು ರಬಾಳೆಯಲ್ಲಿ. ತಟ್ಟೆಯನ್ನು ಹಳೆಯ ಚೂಡಿದಾರದ ಶಾಲಿನಲ್ಲಿ ಎತ್ತಿಕಟ್ಟಿ ತಾರಾನಾಥ ಹೊರಟ. ಠಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಮುಂದೆ ತಟ್ಟೆ ಟಣ್ ಟಣ್, ಹಿಂದೆ ಗ್ರೀಸು ಕಾಣದ ಸ್ಪ್ರಿಂಗು ಕೀಂಯ್ ಕೀಂಯ್. ಭಜನೆ ಮಂಡಳಿಯೊಂದು ಜೀಪಿನಡಿ ಕುಳಿತು ಬಂದಂತಿತ್ತು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ರಿಕ್ಷಾದವನು ಹಾರ ಹಾಕಿದ ಜೀಪನ್ನೂ ಸದ್ದನ್ನೂ ಗಮನಿಸಿ ಭಕ್ತಿಯಿಂದ ಕೈಮುಗಿದ.

ಗ್ಯಾರೇಜಿನಲ್ಲಿ ಊದಿನಕಡ್ಡಿಯ ಹೊಗೆ. ದೇಜಪ್ಪ ಬಿಳಿ ಪಂಚೆ ಉಟ್ಟು, ಕೈಗೆ ಒಂದು ಚುಕ್ಕಿ ಎಣ್ಣೆಯೂ ತಾಗದೆ, ಕುರ್ಚಿಯಲ್ಲಿ ಕೂತಿದ್ದ. ಅವನನ್ನು ಅಷ್ಟು ಶುಚಿಯಾಗಿ ತಾರಾನಾಥ ಎಂದೂ ನೋಡಿರಲಿಲ್ಲ. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಅವನ ಹಿಂದೆ ಗೋಡೆಯುದ್ದಕ್ಕೂ ಸ್ಪ್ಯಾನರುಗಳು ಹೂ ಮುಡಿದು ಮಲಗಿದ್ದವು.

"ಬನ್ನಿ ತಾರಣ್ಣ, ಪ್ರಸಾದ ತಗೊಳ್ಳಿ."

"ಪ್ರಸಾದ ಆಮೇಲೆ ದೇಜಪ್ಪಣ್ಣ. ಮೊದಲು ಇದರ ಅಡಿ ನೋಡಿ."

ದೇಜಪ್ಪ ಪಂಚೆ ಎತ್ತಿಕಟ್ಟಿ ಬಗ್ಗಿ ನೋಡಿದ. ನೋಡಿ, ಎದ್ದು, ಸತ್ತವರ ಮನೆಯಿಂದ ಹೊರಬಂದವನಂತೆ ಸುಮ್ಮನೆ ನಿಂತ.

"ಎಂತ?"

"ಎಂತ ಹೇಳುದು. ನಾಲ್ಕು ಬೋಲ್ಟು ಹೊಸತು ಹಾಕಬೇಕು. ಕೆಸರು ತೆಗೀಬೇಕು, ತುಕ್ಕು ಕೆರೀಬೇಕು, ಹಿಂದಿನ ಸ್ಪ್ರಿಂಗಿನ ಬುಶ್ ಬದಲಿಸಬೇಕು. ನಾಳೆ ತನ್ನಿ."

"ಸಂಜೆ ಪೃಥ್ವಿ ಬರ್ತಾನೆ."

"ಬರಲಿ, ಪಾಪ. ಹಬ್ಬಕ್ಕೆ ಬರುದು ಒಳ್ಳೇದೇ."

"ದೇಜಪ್ಪಣ್ಣ, ನನ್ನ ಮನೆ ಹೋಗ್ತದೆ. ಒಂದು ಸ್ಪ್ಯಾನರ್ ಎತ್ತಿ. ದೇವರು ನೋಡುದಿಲ್ಲ."

"ನಮ್ಮ ಅಪ್ಪ ಊರಲ್ಲಿ ಇಂಥ ದಿನ ಕತ್ತಿ ಎತ್ತಿ ಒಂದು ಬಾಳೆ ಎಲೆ ಕೊಯ್ಯಲಿಲ್ಲ. ನಾನು ನಿಮ್ಮ ಭಾವಮೈದುನನ ತಟ್ಟೆಗೆ ಸ್ಪ್ಯಾನರ್ ಎತ್ತುದಾ? ಇಡೀ ಸಾಲಿಗೆ ಹೋಗಿ ಕೇಳಿ, ಇವತ್ತು ಯಾರೂ ಮುಟ್ಟುದಿಲ್ಲ."

ತಾರಾನಾಥ ಇಡೀ ಸಾಲಿಗೆ ಹೋಗಿ ಕೇಳಿದ. ಮರಾಠಿಯವನು ಪೇಡೆ ಕೊಟ್ಟ. ಪಂಜಾಬಿಯವನು ಲಾಡು ಕೊಟ್ಟ. ಉತ್ತರಪ್ರದೇಶದವನು ಬೂಂದಿ ಕೊಟ್ಟು, ಹಣೆಗೆ ತಿಲಕವನ್ನೂ ಇಟ್ಟ. ಸ್ಪ್ಯಾನರು ಯಾರೂ ಕೊಡಲಿಲ್ಲ. ಬಾಯಿ ತುಂಬ ಸಿಹಿ, ಕಣ್ಣು ತುಂಬ ನೀರು ಇಟ್ಟುಕೊಂಡು ಅವನು ಮರಳಿ ಬಂದಾಗ ದೇಜಪ್ಪನಿಗೆ ಕನಿಕರ ಹುಟ್ಟಿತು.

"ಇದಾ, ನಾನು ಬಾಯಲ್ಲಿ ಹೇಳ್ತೇನೆ. ಬಾಯಿಗೆ ಪೂಜೆ ಮಾಡಲಿಲ್ಲ. ಕೆಸರು ಕೈಯಲ್ಲಿ ತೆಗೀರಿ. ತಟ್ಟೆ ಹಗ್ಗದಲ್ಲಿ ಎತ್ತಿಕಟ್ಟಿ. ಮೇಲಿಂದ ಇದು ಬಳೀರಿ." ಅವನು ಮೂಲೆಯಿಂದ ಕಪ್ಪು ಲೇಪದ ದೊಡ್ಡ ಡಬ್ಬ ಎತ್ತಿ ಕೊಟ್ಟ. "ಡಾಂಬರಿನ ಹಾಗೆ ಹಿಡೀತದೆ. ಸಂಜೆಗೆ ಕಲ್ಲು. ಅಡಿಯಲ್ಲಿ ತುಕ್ಕು ಇದೆಯಾ, ಹಗ್ಗ ಇದೆಯಾ, ಹೆಣ ಇದೆಯಾ, ಯಾರಿಗೂ ಗೊತ್ತಾಗುದಿಲ್ಲ."

"ಡಬ್ಬ ಆಯುಧ ಅಲ್ವಾ?"

"ಡಬ್ಬ ಮಾಲು."

"ಬ್ರಶ್ ಒಂದು ಕೊಡಿ ಹಾಗಾದ್ರೆ."

ದೇಜಪ್ಪ ಗೋಡೆಯತ್ತ ನೋಡಿದ. ಬ್ರಶ್ಶುಗಳೂ ಕುಂಕುಮ ಹಚ್ಚಿಕೊಂಡು ಮಲಗಿದ್ದವು. "ಬ್ರಶ್ ಆಯುಧ," ಎಂದ. "ಹಳೆ ಬನಿಯಾನಿನಲ್ಲಿ ಬಳೀರಿ."

ತಾರಾನಾಥ ಐರೋಲಿಗೆ ಮರಳಿ, ಜೀಪಿನಡಿ ಗೋಣಿ ಹಾಸಿ, ಅಂಗಾತ ಜಾರಿ ಒಳಹೋದ. ಬೆರಳಿನಿಂದ ಕೆಸರು ಕೆದಕಿ ಕೆದಕಿ ತೆಗೆದ. ಕೆಸರು ಕಣ್ಣಿಗೆ ಬಿತ್ತು, ತುಕ್ಕಿನ ಚಕ್ಕೆ ಬಾಯಿಗೆ ಬಿತ್ತು. ಟೊಮೆಟೊ ಸಸಿಯನ್ನು ಕೀಳುವಾಗ ಮಾತ್ರ ಯಾಕೋ ಕೈ ತಡೆಯಿತು. ಈ ಜೀಪಿನಿಂದ ಇಷ್ಟು ದಿನದಲ್ಲಿ ಆಗಿದ್ದ ಒಂದೇ ಬೆಳವಣಿಗೆ ಅದು.

ಪಕ್ಕದಲ್ಲಿ ಜಟ್ಟೆಪ್ಪನವರ ಚಪ್ಪಲಿಗಳು ಬಂದು ನಿಂತವು.

"ಹಗ್ಗ ಕಟ್ಟೂದು ನನಗ ಬಿಡ್ರಿ. ಬಂಡಿಗೆ ನೊಗ ಕಟ್ಟಿದ ಕೈ ಇದು." ಅವರು ನಿಜಕ್ಕೂ ಲುಂಗಿ ಎತ್ತಿ ಒಳಗೆ ಜಾರಿದರು. ಜಯಲತಾಳ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಿಚ್ಚಿ ತಂದದ್ದಾಯಿತು. ತಾರಾನಾಥ ಎರಡು ಮೊಣಕಾಲಿನಲ್ಲಿ ತಟ್ಟೆಯನ್ನು ಎತ್ತಿಹಿಡಿದ. ಜಟ್ಟೆಪ್ಪನವರು ಹಲ್ಲಿನಿಂದ ಎಳೆದು ಎಳೆದು ಗಂಟು ಬಿಗಿದರು.

"ಜಟ್ಟೆಪ್ಪನವರೇ, ಒಂದು ಮಾತು. ಈ ಹಗ್ಗದ ವಿಷಯ, ತುಕ್ಕಿನ ವಿಷಯ, ನಮ್ಮ ಪೃಥ್ವಿ ಹತ್ರ..."

"ಏ, ನನಗ ಹೇಳ್ತೀರೇನು? ತಲಿ ಹೋದ್ರೂ ಬಾಯಿ ಬಿಡಂಗಿಲ್ಲ." ಜಟ್ಟೆಪ್ಪನವರು ಮಲಗಿದಲ್ಲೇ ಅವನ ಕೈ ಹಿಡಿದು ಮಾತು ಕೊಟ್ಟರು. ಆಮೇಲೆ ಜೀಪನ್ನು ಒಮ್ಮೆ ಅಲುಗಿಸಿ, ಸ್ಪ್ರಿಂಗಿನ ಕೀಂಯ್ ಕೇಳಿ, ತಲೆ ಕೆರೆದುಕೊಂಡರು. "ಇದಕ್ಕೂ ಒಂದು ಔಷಧ ಐತಿ. ತಡೀರಿ."

ಔಷಧ ಎಂದರೆ ಅವರ ಮನೆಯಲ್ಲಿ ಹಬ್ಬಕ್ಕೆ ಮಿರ್ಚಿ ಭಜಿ ಕರಿದು ಉಳಿದ ಎಣ್ಣೆ. ತಾರಾನಾಥ ಬೇಡ ಎನ್ನುವಷ್ಟರಲ್ಲಿ ಅವರು ಮೇಲಿನಿಂದ ಚೊಂಬಿನಲ್ಲಿ ಸುರಿದಾಗಿತ್ತು. ಸ್ಪ್ರಿಂಗಿನ ಪಟ್ಟಿಗಳ ನಡುವಿನಿಂದ ಇಳಿದ ಎಣ್ಣೆ ನೇರವಾಗಿ ತಾರಾನಾಥನ ಎಡಗಣ್ಣಿಗೆ ಬಿತ್ತು. ಅದು ಗುಂಟೂರು ಮೆಣಸಿನಕಾಯಿ ಕರಿದ ಎಣ್ಣೆ. ಅವನು ಹಾರಿದ, ಹಣೆ ಶಾಕಪ್ಪಿಗೆ ಹೊಡೆಯಿತು, ಕಾಲು ಡಬ್ಬಕ್ಕೆ ತಾಗಿತು.

"ಕೀಂಯ್ ನಿಂತಿತು ನೋಡ್ರಿ," ಎಂದರು ಜಟ್ಟೆಪ್ಪ ಮೇಲಿನಿಂದ.

ಕೀಂಯ್ ನಿಂತದ್ದು ನಿಜ. ಭಜಿಯ ಪರಿಮಳ ಮಾತ್ರ ಸೆಕ್ಟರಿನ ತುಂಬ ಹರಡಿತು. ಮೊದಲು ಗೇಟಿನ ಕಂದು ನಾಯಿ ಬಂತು. ಆಮೇಲೆ ಅದರ ಬಳಗ. ತಾರಾನಾಥ ಒಂದೇ ಕಣ್ಣಿನಲ್ಲಿ, ಒಂದು ಕೈಯಲ್ಲಿ ಬನಿಯಾನು ಅದ್ದಿ ಲೇಪ ಬಳಿಯುತ್ತ, ಇನ್ನೊಂದು ಕೈಯಲ್ಲಿ ನಾಯಿಗಳನ್ನು ದೂಡುತ್ತ, ತಟ್ಟೆಗೆ, ಹಗ್ಗಕ್ಕೆ, ತುಕ್ಕಿಗೆ, ಗಂಟಿಗೆ, ತಪ್ಪಿ ಒಮ್ಮೆ ನಾಯಿಯ ಮೂತಿಗೂ ಕಪ್ಪು ಬಳಿದ. ದೇಜಪ್ಪ ಸುಳ್ಳು ಹೇಳಿರಲಿಲ್ಲ. ಬಳಿದದ್ದು ಬಳಿದಲ್ಲೇ ಬಿಗಿದುಕೊಂಡು, ಎಮ್ಮೆಯ ಬೆನ್ನಿನಂತೆ ಮಿನುಗತೊಡಗಿತು. ತುಕ್ಕಿಲ್ಲ, ಹಗ್ಗವಿಲ್ಲ, ಎಲ್ಲ ಒಂದೇ ಕಪ್ಪು.

ಹೊರಗೆ ಜಾರಿ ಬಂದಾಗ ಅವನು ಯಕ್ಷಗಾನದ ಚೌಕಿಯಿಂದ ಅರ್ಧ ಬಣ್ಣದಲ್ಲಿ ಓಡಿಬಂದ ರಕ್ಕಸನ ವೇಷದಂತೆ ಕಂಡ. ಮೇಲಿನ ಬಾಲ್ಕನಿಯಿಂದ ಪೂಜಿತಾ ಕೂಗಿದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಹಿಂದಿಯೇ ಬರುತ್ತದೆ.

"ಪಪ್ಪಾ, ಮಾಮಾ ಪುಲ್ ಪೇ ಆ ಗಯೇ. ಆಪ್ ಜಲ್ದೀ ನಹಾ ಲೋ."

ಸೇತುವೆಯಿಂದ ಐರೋಲಿಗೆ ಎಷ್ಟು ಹೊತ್ತು? ಸ್ನಾನಕ್ಕೆ ಹೋಗುವ ಮೊದಲೇ ಗೇಟಿನಲ್ಲಿ ಟ್ಯಾಕ್ಸಿ ನಿಂತಿತು. ಪೃಥ್ವಿರಾಜ್ ಇಳಿದ. ಅವನ ಹಿಂದೆ ಸೌಜನ್ಯಾ, ಮದುವೆಯಾಗಲಿರುವ ಹುಡುಗಿ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಇಳಿದಳು. ಖಾಡಿಯ ಕಡೆಯಿಂದ ಗಾಳಿ ಬೀಸುತ್ತಿತ್ತು.

"ಭಾವ, ಇದೆಂತ ಅವತಾರ?"

"ನಿನ್ನ ಜೀಪಿನ ಸೇವೆ," ಎಂದ ತಾರಾನಾಥ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಜಯಲತಾ ಆರತಿ ತಟ್ಟೆ ಹಿಡಿದು ಕೆಳಗೆ ಬರುವಷ್ಟರಲ್ಲಿ ಅವಳ ತಮ್ಮ ಶರ್ಟು ಬಿಚ್ಚಿ ಟ್ಯಾಕ್ಸಿಯ ಮೇಲೆ ಎಸೆದು, ಮೊಬೈಲಿನ ಬೆಳಕು ಹಿಡಿದು ಜೀಪಿನಡಿ ಸೇರಿಯಾಗಿತ್ತು. ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ. ಆ ಪಾದಗಳನ್ನು ತಾರಾನಾಥ ಪರೀಕ್ಷೆಯ ಫಲಿತಾಂಶದ ಹಲಗೆಯಂತೆ ನೋಡುತ್ತ ನಿಂತ. ಎಡಪಾದ ಅಲುಗಿತು. ಒಳಗಿನಿಂದ ತಟ್ಟೆಯನ್ನು ಬೆರಳಿನಿಂದ ಕುಟ್ಟುವ ಸದ್ದು.

ಪೃಥ್ವಿರಾಜ್ ಹೊರಬಂದ. ಹಿಂದಿನ ಬಂಪರ್ ಮೇಲೆ ನಿಂತು ನಾಲ್ಕು ಸಲ ಕುಣಿದ. ಸ್ಪ್ರಿಂಗು ತುಟಿಪಿಟಕ್ಕೆನ್ನಲಿಲ್ಲ.

"ಎಂತದು ಪರಿಮಳ?"

"ಹಬ್ಬ ಅಲ್ವಾ," ಎಂದಳು ಜಯಲತಾ.

ಪೃಥ್ವಿರಾಜ್ ಇಳಿದು ಬಂದು, ಕಪ್ಪು ಮೆತ್ತಿದ ತಾರಾನಾಥನನ್ನು ಹಾಗೆಯೇ ಅಪ್ಪಿಕೊಂಡ. "ಹಡಗಿನಲ್ಲಿ ಸಂಬಳ ತಗೊಳ್ಳುವವರು ಸಹ ಹೀಗೆ ನೋಡುದಿಲ್ಲ ಭಾವ. ಒಂದು ಚುಕ್ಕೆ ತುಕ್ಕಿಲ್ಲ. ಸೌಜನ್ಯಾ, ಇಲ್ಲಿ ಬಾ, ನೀನೇ ನೋಡು."

ತಾರಾನಾಥನ ಬೆಂಕಿ ಹತ್ತಿದ ಎಡಗಣ್ಣಿನಿಂದಲೂ ಸಂತೋಷದ ನೀರು ಇಳಿಯಿತು. ಮನೆ ಉಳಿಯಿತು. ಪೂಜಿತಾಳ ಕಾಲೇಜು ಉಳಿಯಿತು.

ಸೌಜನ್ಯಾ ಬಗ್ಗಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದಳು. ಎದ್ದಾಗ ಅವಳ ಮುಖ ಸಪ್ಪಗಿತ್ತು. "ಓಕೆ," ಎಂದಳು. "ಮೈ ಹಾರ್ ಗಯೀ. ನೀನು ಗೆದ್ದೆ."

"ಎಂತ ಗೆದ್ದದ್ದು?" ಎಂದು ಜಯಲತಾ ಕೇಳಿದಳು.

"ಅಕ್ಕಾ, ನಾನು ಹಡಗು ಬಿಟ್ಟೆ. ಇನ್ನು ಇಲ್ಲೇ ಕೆಲಸ. ಮದುವೆ ಆದ ಮೇಲೆ ಎಲ್ಲಿ ಇರುದು ಅಂತ ನಮ್ಮಿಬ್ಬರದು ದೊಡ್ಡ ಜಗಳ. ಇವಳದ್ದು ಒಂದೇ ಹಠ, ಐರೋಲಿ ಬೇಡ, ಖಾಡಿಯ ಉಪ್ಪು ಗಾಳಿ, ಫ್ರಿಜ್ಜು, ಕಿಟಕಿ, ಗೀಸರು ಎಲ್ಲ ತುಕ್ಕು ಹಿಡೀತದೆ, ಠಾಣೆಯಲ್ಲಿ ಗುಡ್ಡದ ಬದಿಗೆ ಹೊಸ ಮನೆ ತಗೊಳ್ಳುವ ಅಂತ. ನಾನು ಹೇಳಿದೆ, ನನ್ನ ಜೀಪು ಇಡೀ ಮಳೆಗಾಲ ಅದೇ ಗಾಳಿಯಲ್ಲಿ ನಿಂತಿದೆ. ಅದರ ಅಡಿ ನೋಡುವ. ತುಕ್ಕು ಹಿಡಿದಿದ್ರೆ ನೀನು ಹೇಳಿದ ಹಾಗೆ ಠಾಣೆಗೆ ಹೋಗುವ, ಐರೋಲಿ ಫ್ಲ್ಯಾಟನ್ನು ಅಕ್ಕನ ಹೆಸರಿಗೆ ಮಾಡಿಬಿಡುವ. ತುಕ್ಕಿಲ್ಲದಿದ್ರೆ ನಾವು ಇಲ್ಲಿಗೇ ಬರುದು."

ಅಂಗಳದಲ್ಲಿ ನಾಯಿಗಳು ಬಂಪರ್ ನೆಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

"ಅವಸರ ಇಲ್ಲ ಭಾವ. ದೀಪಾವಳಿ ಕಳೆದ ಮೇಲೆ ಖಾಲಿ ಮಾಡಿದ್ರೆ ಸಾಕು."

ತಾರಾನಾಥ ಒಂದು ಹೆಜ್ಜೆ ಮುಂದೆ ಬಂದ. "ಪೃಥ್ವಿ, ತುಕ್ಕು ಉಂಟು."

"ಎಂತ?"

"ತುಕ್ಕು. ಇಡೀ ಅಡಿ ತುಕ್ಕೇ. ಮೊದಲ ಮಳೆ ಬಿಟ್ಟರೆ ನಾನು ಒಂದು ದಿನ ನೀರು ಹೊಡೆದವನಲ್ಲ. ಗ್ರೀಸ್ ಹಾಕಲಿಲ್ಲ. ಬೋಲ್ಟುಗಳು ಕುಂಬಳಕಾಯಿ ತಾಗಿ ಮುರಿದುಹೋದವು. ತಟ್ಟೆ ನಿಂತಿರುವುದು ಬಟ್ಟೆ ಒಣಹಾಕುವ ಹಗ್ಗದಲ್ಲಿ. ಇದು ಇವತ್ತು ಬಳಿದ ಬಣ್ಣ."

"ಹೌದು ಪೃಥ್ವಿ," ಎಂದಳು ಜಯಲತಾ, ಆರತಿಯನ್ನು ಬಾನೆಟ್ಟಿನ ಮೇಲಿಟ್ಟು. "ನಾನು ಸಾಕ್ಷಿ. ಅದರಲ್ಲಿ ಟೊಮೆಟೊ ಗಿಡ ಹುಟ್ಟಿತ್ತು."

ಪೃಥ್ವಿರಾಜ್ ಒಮ್ಮೆ ಭಾವನನ್ನು, ಒಮ್ಮೆ ಅಕ್ಕನನ್ನು ನೋಡಿದ. ಅವನ ಮುಖದಲ್ಲಿ ನೋವು ಕಂಡಿತು. "ಅಕ್ಕಾ, ಮನೆ ಹೋಗ್ತದೆ ಅಂತ ಬೇಜಾರು ನನಗೆ ಅರ್ಥ ಆಗ್ತದೆ. ಅದಕ್ಕೆ ಕುಂಬಳಕಾಯಿ, ಟೊಮೆಟೊ ಅಂತ ಎಲ್ಲ ಹೇಳಬೇಕಾ? ಭಾವ ಇಷ್ಟು ಪ್ರೀತಿಯಿಂದ ನೋಡಿದ ಜೀಪಿನ ಮೇಲೆ ಅವರೇ ಅಪವಾದ ಹಾಕುದಾ?"

"ಸುಳ್ಳಲ್ಲ ಮಾರಾಯ." ತಾರಾನಾಥ ನೆಲಕ್ಕೆ ಬಿದ್ದು ಜೀಪಿನಡಿ ನುಗ್ಗಿದ. ತಟ್ಟೆಯನ್ನು ಹಿಡಿದು ಎಳೆದ. ಒದ್ದ. ಜೋತುಬಿದ್ದ. ಬೆಳಿಗ್ಗೆ ಒಂದು ತರಕಾರಿಗೆ ಕಳಚಿಕೊಂಡ ತಟ್ಟೆ ಈಗ ಕೂದಲೆಳೆಯಷ್ಟೂ ಅಲುಗಲಿಲ್ಲ. ಉಗುರಿನಿಂದ ಲೇಪ ಕೆರೆದ. ಲೇಪ ಉಳಿಯಿತು, ಉಗುರು ಹೋಯಿತು.

ಆ ಹೊತ್ತಿಗೆ ಜಟ್ಟೆಪ್ಪನವರು ಸ್ನಾನ ಮುಗಿಸಿ, ತಲೆಗೆ ಟೋಪಿ ಇಟ್ಟು, ತಾಟಿನಲ್ಲಿ ಹೋಳಿಗೆ ಹಿಡಿದುಕೊಂಡು ಹೊರಬಂದರು. ಜೀಪಿನಡಿ ತಾರಾನಾಥ, ಮೇಲೆ ಸಿಟ್ಟಾದ ಭಾವಮೈದುನ. ಗುಟ್ಟು ರಟ್ಟಾಗುವ ಹೊತ್ತಿಗೆ ಸರಿಯಾಗಿ ಬಂದೆ ಎಂದುಕೊಂಡರು.

"ಜಟ್ಟೆಪ್ಪನವರೇ, ನೀವು ಹೇಳಿ," ತಾರಾನಾಥ ಅಡಿಯಿಂದಲೇ ಕೂಗಿದ. "ಬೆಳಿಗ್ಗೆ ನೀವೇ ನೋಡಿದ್ರಿ. ಇದರಲ್ಲಿ ತುಕ್ಕು ಇತ್ತಾ ಇಲ್ವಾ?"

ಜಟ್ಟೆಪ್ಪನವರು ಒಂದು ಕ್ಷಣ ಯೋಚಿಸಿದರು. ಮಾತು ಕೊಟ್ಟ ಕೈಯನ್ನು ಒಮ್ಮೆ ನೋಡಿಕೊಂಡರು.

"ತುಕ್ಕ? ಎಲ್ಲಿ ತುಕ್ಕ?" ಎಂದರು ಪೃಥ್ವಿರಾಜನಿಗೆ. "ಸುಳ್ಳ ಹೇಳಿದ್ರ ನನ್ನ ನಾಲಿಗಿ ಬೀಳಲಿ. ದಿನಾ ಬೆಳಿಗ್ಗೆ ಎದ್ದು ಇದರ ಅಡಿ ತೊಳೀತಿದ್ರು ನಿಮ್ಮ ಭಾವ. ಮಳಿಯೊಳಗ ಛತ್ರಿ ಹಿಡಕೊಂಡು ಗ್ರೀಸ್ ಹಾಕೋದನ್ನ ಕಣ್ಣಾರೆ ನೋಡೀನಿ. ನಾನೇ ಬೈದೆ, ಹೆಣ್ತಿ ಮಕ್ಕಳನ್ನ ನೋಡ್ರಿ ಸ್ವಲ್ಪ ಅಂತ."

"ಸಾಕು ಅಂಕಲ್," ಎಂದ ಪೃಥ್ವಿರಾಜ್. ಅವನು ಮಂಡಿಯೂರಿ ಕೂತು, ಜೀಪಿನಡಿಯ ಕತ್ತಲೆಗೆ ಕೈ ಚಾಚಿ, ತಾರಾನಾಥನ ಅಂಗೈಯಲ್ಲಿ ಒಂದು ಕೀಲಿಕೈ ಇಟ್ಟ. "ಭಾವ, ಕೋಪ ಇಲ್ಲ ನನಗೆ. ನಿಮ್ಮನ್ನು ಬರಿಗೈಯಲ್ಲಿ ಕಳಿಸ್ತೇನಾ? ಜೀಪು ಇನ್ನು ನಿಮ್ಮದೇ. ಇದನ್ನು ಇಷ್ಟು ಚೆನ್ನಾಗಿ ನೋಡುವವರು ಬೇರೆ ಯಾರಿದ್ದಾರೆ?"

ಆರತಿಯಾಯಿತು. ಸೌಜನ್ಯಾ ಅಡುಗೆಮನೆಯ ಅಳತೆ ನೋಡಬೇಕೆಂದಳು. ಎಲ್ಲರೂ ಮೇಲೆ ಹೋದರು. ಹೋಗುವಾಗ ಜಯಲತಾ ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಅಂಗಳದಲ್ಲಿ ಉಳಿದವರು ತಾರಾನಾಥ, ನಾಯಿಗಳು, ಮತ್ತು ಜಟ್ಟೆಪ್ಪ.

"ಹ್ಯಾಂಗ ಉಳಿಸಿದೆ ನಿಮ್ಮ ಮಾನ?" ಎಂದರು ಜಟ್ಟೆಪ್ಪ, ಹೋಳಿಗೆ ಮುರಿದು ಅವನ ಕೈಗಿಡುತ್ತ. "ಆ ಹುಡುಗ ಅಳೂದೊಂದು ಬಾಕಿ ಇತ್ತು."

ತಾರಾನಾಥ ಗೋಣಿಯ ಮೇಲೆ ಕೂತು, ಒಂದೊಂದಾಗಿ, ಎಲ್ಲವನ್ನೂ ಹೇಳಿದ. ತುಕ್ಕಿದ್ದಿದ್ದರೆ ಫ್ಲ್ಯಾಟು ತನ್ನದಾಗುತ್ತಿತ್ತೆಂದೂ, ತುಕ್ಕಿಲ್ಲವಾದ್ದರಿಂದ ಜೀಪು ತನ್ನದಾಯಿತೆಂದೂ ಹೇಳಿದ. ಜಟ್ಟೆಪ್ಪನವರು ಪೂರ್ತಿ ಕೇಳಿದರು. ಮೇಲೆ ತಾರಾನಾಥನ ಅಡುಗೆಮನೆಯ ದೀಪ ಹೊತ್ತಿತು. ಫ್ರಿಜ್ಜು ಈ ಮೂಲೆಗಿರಲಿ, ಆ ಮೂಲೆ ಬೇಡ ಎಂದು ಸೌಜನ್ಯಾ ಹೇಳುವುದು ಕೇಳಿಸಿತು.

ಜಟ್ಟೆಪ್ಪನವರು ಎದ್ದು, ಜೀಪಿನ ಹಿಂದಿನ ಬಾಗಿಲು ತೆಗೆದು, ಸೀಟು ಮಡಚಿ, ಗೇಣಿನಲ್ಲಿ ಉದ್ದ ಅಗಲ ಅಳೆದರು.

"ಚಿಂತಿ ಮಾಡಬ್ಯಾಡ್ರಿ ತಾರಾನಾಥರ," ಎಂದರು. "ಸ್ವಲ್ಪ ಒತ್ತಿ ಮಲಗಿದ್ರ ಮೂರೂ ಮಂದಿ ಹಿಡೀತೀರಿ."

ತಾರಾನಾಥ ಕೀಲಿಕೈ ಕಿಸೆಗೆ ಹಾಕಿ, ಹಿಂದಿನಿಂದ ಹತ್ತಿ, ಮಲಗಿ ನೋಡಿದ. ಮೊಣಕಾಲಿನಿಂದ ಕೆಳಗಿನ ಕಾಲು ಹೊರಗೇ ಉಳಿಯಿತು. ಕಂದು ನಾಯಿ ಬಂದು ಅದನ್ನು ಮೂಸಿ, ಭಜಿಯ ರುಚಿ ಅಲ್ಲಿಯೂ ಇದೆಯೆಂದು ಕಂಡುಕೊಂಡು, ನೆಕ್ಕತೊಡಗಿತು.